ಸೋಮವಾರ ಸಂಜೆ ಕ್ರೂಸ್ ಇದೆ, ಅದೇ ದಿನ ಬೆಳಗ್ಗೆ ಪುಣೆಯಿಂದ ಮುಂಬೈಗೆ ಹೋದ್ರೆ ಸಾಕಾ?

ಹಿಂಜವಡಿ ಹೈದ:
ಎಲ್ರಿಗೂ ನಮಸ್ಕಾರ. ಇರೋದು ಪುಣೆಲಿ, ಊರು ಕುಂದಾಪ್ರ ಕಡೆ. ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಮುಂಬೈಯಿಂದ ಕ್ರೂಸ್ ಬುಕ್ ಮಾಡಿದೀನಿ, ಮೂರು ರಾತ್ರಿ, ಗೋವಾಕ್ಕೆ ಹೋಗಿ ಗುರುವಾರ ಬೆಳಗ್ಗೆ ವಾಪಸ್. ನಾನು, ಹೆಂಡ್ತಿ, ಏಳು ವರ್ಷದ ಮಗಳು, ಅಪ್ಪಯ್ಯ (72). ಟಿಕೆಟ್‌ನಲ್ಲಿ ಚೆಕ್-ಇನ್ 12ರಿಂದ 3, ಹಡಗು ಬಿಡೋದು 5ಕ್ಕೆ ಅಂತಿದೆ. ನನ್ ಪ್ಲಾನ್ ಏನಂದ್ರೆ ಸೋಮವಾರ ಬೆಳಗ್ಗೆ 7:15ರ ಡೆಕ್ಕನ್ ಕ್ವೀನ್ ಹಿಡಿಯೋದು, 10:25ಕ್ಕೆ ಮುಂಬೈ ಸಿಎಸ್‌ಎಂಟಿ ಸ್ಟೇಷನ್, ಬ್ಯಾಗೆಲ್ಲ ಕ್ಲೋಕ್ ರೂಮಲ್ಲಿ ಹಾಕಿ ಸೀದಾ ಗೇಟ್‌ವೇ, ಬೋಟಲ್ಲಿ ಎಲಿಫೆಂಟಾ ದ್ವೀಪದ ಗುಹೆ ನೋಡ್ಕೊಂಡು ಎರಡೂವರೆಗೆ ಬಂದು ಹಡಗು ಹತ್ತೋದು. ಹೆಂಡ್ತಿ ಹೇಳ್ತಾಳೆ ಭಾನುವಾರಾನೇ ಹೋಗಿ ಒಂದು ರಾತ್ರಿ ಉಳ್ಕೊಳ್ಳೋಣ ಅಂತ. ಮೂರು ಗಂಟೆ ದಾರಿಗೆ ಮುಂಬೈ ಹೋಟೆಲ್‌ಗೆ ಐದಾರು ಸಾವಿರ ಯಾಕೆ ಸುರೀಬೇಕು ಅಂತ ನನ್ನ ವಾದ. ಅನುಭವ ಇರೋರು ಹೇಳಿ. ಈ ಥ್ರೆಡ್ ಅವಳಿಗೂ ತೋರಿಸ್ತೀನಿ, ಸ್ವಲ್ಪ ನನ್ ಕಡೆ ನೋಡ್ಕೊಂಡು ಬರೀರಿ.

ಡೊಂಬಿವಲಿ ಅಕ್ಕ:
ತಮ್ಮಾ, ಸೋಮವಾರ ಎಲಿಫೆಂಟಾ ಬಂದ್. ನಿನ್ ಪ್ಲಾನ್ ಅಲ್ಲಿಗೇ ಮುಗೀತು.

ಡೊಂಬಿವಲಿ ಅಕ್ಕ:
ಬಂದ್ ಇಲ್ಲದ ದಿನ ಆದ್ರೂ ಆಗ್ತಿರಲಿಲ್ಲ ಬಿಡು. ಗೇಟ್‌ವೇಯಿಂದ ಬೋಟು ಹತ್ರ ಹತ್ರ ಒಂದು ಗಂಟೆ, ಅದೂ ಜನ ತುಂಬೋತನಕ ಅವರು ಬಿಡಲ್ಲ, ಇಳಿದ ಮೇಲೆ ಜೆಟ್ಟಿ ಮೇಲೆ ನಡೀಬೇಕು ಇಲ್ಲಾ ಆ ಮಕ್ಕಳ ರೈಲು ಹತ್ಬೇಕು, ಆಮೇಲೆ 120 ಮೆಟ್ಟಿಲು, ಎರಡೂ ಕಡೆ ಅಂಗಡಿ, ಮಂಗ. 72ರ ಅಪ್ಪ, ಏಳರ ಮಗು ಇಟ್ಕೊಂಡು ಅದೆಲ್ಲ ಮುಗಿಸಿ ಎರಡೂವರೆಗೆ ಗೇಟ್‌ವೇಲಿ ಇಳೀತೀನಿ ಅಂದ್ರೆ ನೀನು ತ್ರಿಮೂರ್ತಿ ಮುಂದೆ ಓಡ್ಕೊಂಡೇ ಕೈಮುಗೀಬೇಕು. ಇಪ್ಪತ್ತು ಅಡಿ ಎತ್ತರದ ಶಿವ ಆತ, ನಿಂತು ನೋಡಬೇಕಾದವನು. ನಿನ್ ಹೆಂಡ್ತಿ ಮಾತು ಕೇಳು.

ಪನ್ವೇಲ್ ಪಾಪು:
ಗುರು ಟೆನ್ಶನ್ ಬೇಡ. ನಾವು ಹೋದ ವರ್ಷ ಅದೇ ದಿನ ಬೆಂಗಳೂರಿಂದ ಫಸ್ಟ್ ಫ್ಲೈಟಲ್ಲಿ ಬಂದು ಹತ್ತಿದ್ವಿ, ಏನೂ ಆಗ್ಲಿಲ್ಲ. ಎಲಿಫೆಂಟಾ ಬಿಟ್ಟುಬಿಡಿ ಅಷ್ಟೇ. ಹಡಗಲ್ಲಿ ಊಟ ರೂಮು ಎಲ್ಲಾದಕ್ಕೂ ಮೊದಲೇ ದುಡ್ಡು ಕೊಟ್ಟಿರ್ತೀವಿ, ಹಿಂದಿನ ದಿನ ಲಾಡ್ಜಿಗೆ ಮತ್ತೆ ಸುರಿಯೋದು ವೇಸ್ಟ್.

ಥಾಣೆ ಟಪಾಲು:
ಪಾಪು ಅವರೇ, "ನನಗೆ ಏನೂ ಆಗ್ಲಿಲ್ಲ" ಅನ್ನೋದು ಒಂದು ವಾದಾನಾ? ನಮಗೆ ಆಯ್ತು ಕೇಳಿ. ಎರಡು ವರ್ಷದ ಹಿಂದೆ, ನಮ್ ಭಾವನ ಮನೆಯವರು ಪುಣೆಯಿಂದ ಕಾರಲ್ಲಿ, ಶನಿವಾರ, ಬೆಳಗ್ಗೆ ಎಂಟಕ್ಕೇ ಹೊರಟಿದ್ದಾರೆ. ಖಂಡಾಲಾ ಘಾಟಲ್ಲಿ ಒಂದು ಟ್ರೈಲರ್ ಮಗುಚಿ ಬಿತ್ತು. ನಾಲ್ಕು ಗಂಟೆ, ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಪ್ರಪಾತ, ಯು-ಟರ್ನ್ ಅನ್ನೋದೇ ಇಲ್ಲ ಅಲ್ಲಿ. ನಾವು ಥಾಣೆಯಿಂದ ಬಂದು ಚೆಕ್-ಇನ್ ಮಾಡಿ ಡೆಕ್ ಮೇಲೆ ನಿಂತಿದೀವಿ, ಅವರು ಫೋನಲ್ಲಿ ಇನ್ನೂ ನವಿ ಮುಂಬೈಯ ವಾಶಿ, ವಾಶಿ ಅಂತಿದಾರೆ. ಕೌಂಟರ್ ಮುಚ್ಚಿ ಪ್ರಯಾಣಿಕರ ಪಟ್ಟಿ ಪೋರ್ಟಿನವರ ಕೈಗೆ ಹೋದ ಮೇಲೆ ಯಾರಪ್ಪ ಬಂದ್ರೂ ಹತ್ತಿಸಲ್ಲ. ಹಡಗು ಬಿಡೋಕೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಗೇಟಿನ ಹೊರಗೆ ನಮ್ಮಕ್ಕ ನಿಂತಿದ್ದು ನನಗೆ ಮೇಲಿಂದ ಕಾಣ್ತಾ ಇತ್ತು. ನಾಲ್ಕು ಜನರ ದುಡ್ಡು ಪೂರ್ತಿ ಹೋಯ್ತು. ಅವತ್ತಿಂದ ನಮ್ಮ ಮನೇಲಿ ಯಾರಾದ್ರೂ ಲೇಟಾದ್ರೆ "ವಾಶಿ ಬಂತಾ" ಅಂತ ಕೇಳ್ತೀವಿ.

ಪನ್ವೇಲ್ ಪಾಪು:
ಸಾರಿ ಸರ್. ಆದ್ರೆ ಅವರು ಬರ್ತಿರೋದು ರೈಲಲ್ಲಿ, ರೈಲಿಗೆ ಟ್ರೈಲರ್ ಅಡ್ಡ ಬೀಳಲ್ಲ.

ಥಾಣೆ ಟಪಾಲು:
ರೈಲಿಗೆ ಸಿಗ್ನಲ್ ಕೆಡತ್ತೆ, ಓವರ್‌ಹೆಡ್ ವೈರ್ ತುಂಡಾಗತ್ತೆ, ಕಲ್ಯಾಣ್ ದಾಟಿದ ಮೇಲೆ ಲೋಕಲ್‌ಗಳ ಹಿಂದೆ ಆಮೆ ಥರ ಬರತ್ತೆ. 1930ರಿಂದ ಓಡ್ತಿರೋ ಗಾಡಿ, ಮರ್ಯಾದಸ್ತ ಗಾಡಿ, ಒಪ್ತೀನಿ. ಆದ್ರೆ ಮುಂಬೈಲಿ ಹಡಗು ಹತ್ತೋ ದಿನ ನಂಬೋದು ಯಾವುದನ್ನ ಅಂದ್ರೆ ಹಿಂದಿನ ರಾತ್ರಿಯನ್ನ ಮಾತ್ರ.

ಕಾಂದಿವಲಿ ಕುಡ್ಲ:
ಎಂತ ಮಾರಾಯ್ರೆ ಇಷ್ಟು ಹೆದರಿಸ್ತೀರಿ ಅವರನ್ನು. ಆದ್ರೆ ಟಪಾಲು ಹೇಳಿದ್ದು ಹೌದು. ಕಾರಲ್ಲೇ ಬರುದಾದ್ರೆ ಈಗ ಅಟಲ್ ಸೇತು ಉಂಟಲ್ಲ, 2024ರ ಜನವರಿಯಲ್ಲಿ ಆದದ್ದು, ಸುಮಾರು 22 ಕಿಲೋಮೀಟರ್, ಸೀದಾ ಶಿವಡಿಯಲ್ಲಿ ಇಳಿಸ್ತದೆ, ಅಲ್ಲಿಂದ ಈಸ್ಟರ್ನ್ ಫ್ರೀವೇ ಹಿಡಿದ್ರೆ ಪೋರ್ಟಿನ ಬಾಗಿಲಿಗೇ ಬಂದ ಹಾಗೆ. ವಾಶಿ, ಚೆಂಬೂರು, ಸಾಯನ್ ಯಾವುದರ ರಗಳೆಯೂ ಇಲ್ಲ. ಟೋಲ್ ಜೋರು ಉಂಟು, ಕಾರಿಗೆ ಒಂದು ಸಲಕ್ಕೆ 250. ಮತ್ತೆ ಮೂರು ದಿನ ಕಾರು ಎಲ್ಲಿ ಇಡುದು ಅಂತ ತಲೆಬಿಸಿ. ಹಾಗಾಗಿ ರೈಲೇ ಒಳ್ಳೇದು, ಆದ್ರೆ ಭಾನುವಾರದ ರೈಲು. ಘಾಟು ಹೇಗೂ ನಿಮ್ಮ ಕೈಯಲ್ಲಿ ಇಲ್ಲ ನೋಡಿ.

ಹಿಂಜವಡಿ ಹೈದ:
ಹೆಂಡ್ತಿ ಓದಿ ನಗ್ತಾ ಇದಾಳೆ. ಸರಿ, ಭಾನುವಾರ ಅಂತಿಟ್ಕೊಳ್ಳೋಣ. ಎಲ್ಲಿ ಉಳಿಯೋದು? ನವಿ ಮುಂಬೈಲಿ ರೇಟು ಅರ್ಧಕ್ಕರ್ಧ ಕಮ್ಮಿ ತೋರಿಸ್ತಿದೆ. ಅಂದಹಾಗೆ ಇನ್ನೊಂದು ವಿಷಯ. ಅಪ್ಪಯ್ಯಂಗೆ ನಿನ್ನೆ ಫೋನ್ ಮಾಡಿ ಒಂದು ದಿನ ಮುಂಚೆ ಹೋಪ ಅಂದೆ. ಇಷ್ಟು ದಿನ ಕ್ರೂಸು ಅಂದ್ರೆ "ನಂಗೆ ಎಂತಕ್ಕೆ, ನೀವ್ ಹೋಯ್ನಿ" ಅಂತಿದ್ದವರು ತಕ್ಷಣ ಕೇಳಿದ್ದು "ಕೋಟೆಗೆ ಹೋಪುಕ್ ಆತ್ತಾ?" ಅಂತ. ಕೋಟೆ ಅಂದ್ರೆ ಅವರ ಲೆಕ್ಕದಲ್ಲಿ ಮುಂಬೈಯ ಫೋರ್ಟ್ ಏರಿಯಾ. 1967ರಲ್ಲಿ ಹದಿಮೂರು ವರ್ಷಕ್ಕೆ ಮನೆ ಬಿಟ್ಟು ಬಂದವರು, ಫೋರ್ಟಲ್ಲಿ ಒಂದು ಉಡುಪಿ ಹೋಟೆಲಲ್ಲಿ ಕಪ್ಪು-ಬಸಿ ತೊಳೀತಾ, ಆಫೀಸುಗಳಿಗೆ ಚಾ ಒಯ್ತಾ, ರಾತ್ರಿ ಶಾಲೇಲಿ ಎಸ್ಸೆಸ್ಸೆಲ್ಸಿ ಮಾಡಿದ್ದು. ಊರಿಂದ ಬಸ್ಸು, ಹೊಳೆ ಹೊಳೆಗೂ ಇಳಿದು ದೋಣಿ, ಮತ್ತೆ ಬಸ್ಸು, ಹಾಗೆ ಪಣಜಿ ಸೇರಿ ಅಲ್ಲಿಂದ ಆಗುಬೋಟಲ್ಲಿ ಬಾಂಬೆಗೆ ಬಂದಿದ್ದಂತೆ. ಇದಿಷ್ಟು ನಂಗೆ ಗೊತ್ತಿತ್ತು. ಆದ್ರೆ ಊರಿಗೆ ವಾಪಸ್ ಹೋದ ಮೇಲೆ ಫೋರ್ಟ್ ಕಡೆ ಒಂದ್ಸಲಾನೂ ಬಂದಿಲ್ಲ ಅನ್ನೋದು ನಿನ್ನೆ ಗೊತ್ತಾಯ್ತು. ನಾನು ಎಂಟು ವರ್ಷದಿಂದ ಮೂರು ಗಂಟೆ ದೂರದಲ್ಲಿದೀನಿ.

ಮಾಟುಂಗ ಮಾವ:
ಆಗುಬೋಟು! ಈ ಶಬ್ದ ಕೇಳಿ ಎಷ್ಟು ಕಾಲ ಆಯ್ತು ಮಾರಾಯ. ಬೆಂಕಿ ಹಾಕಿ ಓಡಿಸುವ ಬೋಟು, ಅದಕ್ಕೆ ಆಗ್-ಬೋಟು, ನಮ್ಮವರ ಬಾಯಲ್ಲಿ ಆಗುಬೋಟು. ಪಣಜಿ ಬೋಟು ಬಂದು ನಿಲ್ತಾ ಇದ್ದದ್ದು ಭಾವುಚಾ ಧಕ್ಕಾದಲ್ಲಿ, ಈಗಿನ ಕ್ರೂಸ್ ಜಾಗ ಅಲ್ಲ, ಅಲ್ಲಿಂದ ಉತ್ತರಕ್ಕೆ, ಮಝಗಾಂವ್ ಹತ್ತಿರ. ಡೆಕ್ ಕ್ಲಾಸ್ ಅಂದ್ರೆ ಚಾಪೆ ಹಾಸಿದವನದ್ದೇ ಜಾಗ. ಬೇಗ ಹೋಗಿ ಬೆಡ್‌ಶೀಟ್ ಹಾಸಿ, ಟ್ರಂಕು ತಲೆದೆಸೆಗೆ ಇಟ್ಟು, ಒಬ್ಬ ಕೂತೇ ಇರ್ಬೇಕು, ಎದ್ದರೆ ಹೋಯ್ತು. ಮಾಲ್ವಣ, ರತ್ನಾಗಿರಿ, ಜಯಗಡ ಅಂತ ಬಂದರು ಬಂದರಿಗೆ ದೂರದಲ್ಲೇ ನಿಲ್ಲಿಸ್ತಿದ್ದರು, ದಡದಿಂದ ಪಡಾವು ಬಂದು ಹೆಂಗಸರು ಮಕ್ಕಳು ಹಲಸಿನ ಹಣ್ಣು ಕೋಳಿ ಎಲ್ಲ ಏರಿಸಿಕೊಳ್ಳುದು. ಮಳೆಗಾಲದಲ್ಲಿ ಸರ್ವೀಸೇ ಬಂದ್.

ನಿಮ್ಮ ಅಪ್ಪಯ್ಯನನ್ನು ಭಾವುಚಾ ಧಕ್ಕಾಕ್ಕೆ ಮೊದಲು ಕರಕೊಂಡು ಹೋಗಿ, ಫೋರ್ಟು ಆಮೇಲೆ. ಅವರು ಬಾಂಬೆ ಅಂತ ಮೊದಲು ಕಾಲಿಟ್ಟ ಜಾಗ ಅದು. ಈಗ ಅಲ್ಲಿ ಮೀನಿನ ಗಲಾಟೆ, ಮಾಂಡ್ವಾಕ್ಕೆ ಹೋಗುವ ರೋ-ರೋ ಬೋಟು. ನೋಡಲು ಚಂದ ಅಂತ ಹೇಳುದಿಲ್ಲ.

ಇನ್ನೊಂದು, ಅವರ ಹತ್ತಿರ ರಾಮದಾಸ್ ಬೋಟಿನ ಸುದ್ದಿ ಕೇಳಿ. 1947ರ ಜುಲೈ 17, ಗಟಾರಿ ಅಮಾಸೆ ದಿವಸ, ಅದೇ ಧಕ್ಕಾದಿಂದ ರೇವಸಕ್ಕೆ ಹೊರಟ ಬೋಟು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಹೋದರು. ಇಪ್ಪತ್ತು ವರ್ಷ ಆದ ಮೇಲೂ ಡೆಕ್ಕಿನಲ್ಲಿ ಮಲಗಿದವರು ಅದೇ ಕಥೆ ಹೇಳಿ ನಮ್ಮನ್ನು ಹೆದರಿಸ್ತಿದ್ದರು.

ಕಾಂದಿವಲಿ ಕುಡ್ಲ:
ಮಾವ, ಕ್ರೂಸ್‌ಗೆ ಹೊರಟವರಿಗೆ ಮುಳುಗಿದ ಬೋಟಿನ ಕಥೆ ಹೇಳ್ತೀರಲ್ಲ ನೀವು!

ಮಾಟುಂಗ ಮಾವ:
ಹೇಳಿದ್ರೆ ಮುಳುಗುದಿಲ್ಲ ಅಂತ ನಂಬಿಕೆ.

ಡೊಂಬಿವಲಿ ಅಕ್ಕ:
ನವಿ ಮುಂಬೈ ಖಂಡಿತ ಬೇಡ. ಒಂದು ದಿನ ಮುಂಚೆ ಬಂದು ಬೇಲಾಪುರದಲ್ಲಿ ಉಳಿದು ಸೋಮವಾರ ಬೆಳಗ್ಗೆ ಹಾರ್ಬರ್ ಲೈನಲ್ಲಿ ನಾಲ್ಕು ಸೂಟ್‌ಕೇಸ್ ಹೊತ್ತು ಬರ್ತೀಯಾ? ಪೀಕ್ ಅವರಲ್ಲಿ ಲೋಕಲ್ ಒಳಗೆ ಸೂಟ್‌ಕೇಸ್ ತಂದವರಿಗೆ ಸಿಗೋ ಬೈಗುಳ ನಿನ್ ಮಗಳು ಕೇಳೋದು ಬೇಡ. ಫೋರ್ಟಲ್ಲೇ ಉಳ್ಕೊ, ಸಿಎಸ್‌ಎಂಟಿಗೂ ಬ್ಯಾಲಾರ್ಡ್ ಎಸ್ಟೇಟ್‌ಗೂ ನಡುವೆ ಎಲ್ಲಾದ್ರೂ. ರೂಮು ಚಿಕ್ಕದು, ಕಿಟಕಿ ತೆಗೆದ್ರೆ ಇನ್ನೊಬ್ಬರ ಗೋಡೆ, ಇರ್ಲಿ. ಟರ್ಮಿನಲ್‌ಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಕಾಳಿ-ಪೀಲಿ ಮೀಟರ್ 31 ರೂಪಾಯಿಂದ ಶುರು. ಆಟೋ ಹುಡುಕ್ಬೇಡ, ಆ ಕಡೆ ಆಟೋನೇ ಬಿಡಲ್ಲ. ಭಾನುವಾರ ಡೆಕ್ಕನ್ ಕ್ವೀನ್ ಹತ್ತೂವರೆಗೆ ಬಂದುಬಿಡತ್ತೆ, ಹಳಿ ರಿಪೇರಿಯ ಮೆಗಾಬ್ಲಾಕ್ ಶುರುವಾಗೋ ಮುಂಚೆ. ಅದರ ನಂತರದ ಗಾಡಿ ಹಿಡಿದ್ರೆ ದೇವರೇ ಗತಿ.

ಚೆಂಬೂರು ಚಾ:
ಯಾರಾದ್ರೂ ವಿಮಾನದಲ್ಲಿ ಬರೋರು ಇದನ್ನ ಓದ್ತಿದ್ರೆ ಅಂತ ಹೇಳ್ತೀನಿ, ಈಗ ಮೆಟ್ರೋ 3 ಪೂರ್ತಿ ಆಗಿದೆ, 2025ರ ಅಕ್ಟೋಬರ್‌ನಿಂದ. ಟಿ1, ಟಿ2 ಎರಡಕ್ಕೂ ಸ್ಟೇಷನ್ ಇದೆ, ನೆಲದಡಿಯಲ್ಲೇ ಹುತಾತ್ಮಾ ಚೌಕ, ಸಿಎಸ್‌ಎಂಟಿ ತನಕ. ಎಷ್ಟೇ ದೂರ ಹೋದ್ರೂ 70 ರೂಪಾಯಿ ದಾಟಲ್ಲ. ಮೊದಲು ಏರ್‌ಪೋರ್ಟಿಂದ ಫೋರ್ಟ್ ಅಂದ್ರೆ ಒಂದೂವರೆ ಗಂಟೆ ಟ್ಯಾಕ್ಸಿಲಿ ಕೂತು ಬಾಂದ್ರಾದಲ್ಲಿ ಒಂದು ನಿದ್ದೆ ತೆಗೀಬಹುದಿತ್ತು.

ಬಾಗಲಕೋಟಿ ರೊಟ್ಟಿ:
ಎಲಿಫೆಂಟಾ ವಿಷಯಕ್ಕ ಒಂದು ಮಾತು ಹೇಳ್ತೀನ್ರಿ. ನಮ್ಮ ಐಹೊಳಿ ಶಾಸನ ಐತಲ್ರಿ, ರವಿಕೀರ್ತಿ ಬರದದ್ದು, ಕ್ರಿ.ಶ. 634ರದ್ದು, ಅದರಾಗ ಇಮ್ಮಡಿ ಪುಲಕೇಶಿ ನೂರಾರು ಹಡಗು ತಗೊಂಡು ಪಶ್ಚಿಮ ಸಮುದ್ರದ ಲಕ್ಷ್ಮಿಯಂಗಿದ್ದ ಪುರಿ ಅನ್ನೋ ಪಟ್ಟಣ ಗೆದ್ದ ಅಂತ ಐತಿ. ಆ ಪುರಿ ಅಂದ್ರ ಈ ಘಾರಾಪುರಿನ, ಅಂದ್ರ ಎಲಿಫೆಂಟಾನ, ಅಂತ ಭಾಳ ಮಂದಿ ವಿದ್ವಾಂಸರು ಹೇಳ್ತಾರ. ಅಂದ್ರ ಮುಂಬೈ ಹಾರ್ಬರಿಗೆ ಮೊದಲ ಕ್ರೂಸ್ ತಂದವ ನಮ್ಮ ಬಾದಾಮಿ ಮನಷ್ಯಾರೀ!

ಥಾಣೆ ಟಪಾಲು:
ಬೇರೆ ಜಾಗ ಅನ್ನೋರೂ ಇದಾರೆ ರೊಟ್ಟಿ ಅವರೇ, ರಾಜಪುರಿ ಅಂತ.

ಬಾಗಲಕೋಟಿ ರೊಟ್ಟಿ:
ಇರ್ಲಿ ಬಿಡ್ರಿ, ಹಡಗು ಅಂತೂ ನಮ್ಮವ. ಮತ್ತ ಆ ಹೆಸರಿಗೆ ಕಾರಣ ಆದ ಕಲ್ಲಿನ ಆನಿ ಈಗ ದ್ವೀಪದಾಗ ಇಲ್ರಿ, ಭಾಯಖಳಾದಾಗ ಭಾವು ದಾಜಿ ಲಾಡ್ ಮ್ಯೂಸಿಯಂ ಹೊರಗ ನಿಂತೈತಿ. ಮಗಳಿಗೆ ಆನಿ ತೋರಸ್ರಿ, ಮೆಟ್ಟಿಲಾ ಹತ್ತೂದು ತಪ್ಪತೈತಿ.

ಹಡಗಿನ ಮಾಣಿ:
ನಾನು ಆರು ವರ್ಷ ಬೇರೆ ಬೇರೆ ಕ್ರೂಸ್ ಹಡಗಲ್ಲಿ ಅಡುಗೆ ಮನೇಲಿ ಕೆಲಸ ಮಾಡಿದವ, ಈಗ ಮೀರಾ ರೋಡ್. ಸ್ವಲ್ಪ ಉಪಯೋಗದ ವಿಷಯ ಹೇಳ್ತೇನೆ.

ದೊಡ್ಡ ಬ್ಯಾಗು ಟರ್ಮಿನಲ್‌ನಲ್ಲೇ ತಗೊಳ್ತಾರೆ, ಟ್ಯಾಗ್ ಹಾಕಿ ಸ್ಕ್ಯಾನ್ ಮಾಡಿ ಆಮೇಲೆ ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರ್ತದೆ, ಅದು ಬರುವಾಗ ರಾತ್ರಿಯೂ ಆಗಬಹುದು. ಹಾಗಾಗಿ ಅಪ್ಪಯ್ಯನ ಬಿಪಿ ಮಾತ್ರೆ, ಮಗಳಿಗೆ ಒಂದು ಜೊತೆ ಬಟ್ಟೆ, ಚಾರ್ಜರ್ ಎಲ್ಲ ಹೆಗಲ ಚೀಲದಲ್ಲಿ. ಆಧಾರ್ ಒರಿಜಿನಲ್ ತನ್ನಿ, ಮಗಳದ್ದೂ. ಮೊಬೈಲಲ್ಲಿ ಫೋಟೋ ಉಂಟು ಅಂತ ಹೇಳಿ ಕೌಂಟರಲ್ಲಿ ಬೆವರಿದವರನ್ನು ನಾನು ಲೆಕ್ಕ ಇಲ್ಲದಷ್ಟು ನೋಡಿದ್ದೇನೆ. ವೆಬ್ ಚೆಕ್-ಇನ್ ಪುಣೆಯಲ್ಲೇ ಮುಗಿಸಿ ಪ್ರಿಂಟ್ ತಗೊಳ್ಳಿ.

ಇಸ್ತ್ರಿಪೆಟ್ಟಿಗೆ, ಕೆಟಲ್, ಎಕ್ಸ್‌ಟೆನ್ಶನ್ ಬೋರ್ಡು ಒಳಗೆ ಬಿಡುದಿಲ್ಲ. ಹಡಗಲ್ಲಿ ನೀರಿಗಿಂತ ಬೆಂಕಿಗೇ ಜಾಸ್ತಿ ಹೆದರುದು.

ಮೊಬೈಲ್ ಮುಖ್ಯ. ದಡ ದಾಟುವ ಮೊದಲು ಫ್ಲೈಟ್ ಮೋಡ್ ಹಾಕಿ. ಇಲ್ಲದಿದ್ರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ಜೋತು ಬಿದ್ದು, ಎರಡು ವಾಟ್ಸಾಪ್ ವಿಡಿಯೋಕ್ಕೆ ಸಾವಿರಗಟ್ಟಲೆ ಬಿಲ್ಲು ಬರ್ತದೆ.

ಹತ್ತಿದ ಮೇಲೆ ಸೇಫ್ಟಿ ಡ್ರಿಲ್ ಉಂಟು, ಎಲ್ಲರಿಗೂ ಕಡ್ಡಾಯ. 2012ರಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದಾಗ ಆಗಷ್ಟೇ ಹತ್ತಿದ್ದ ಎಷ್ಟೋ ಜನರಿಗೆ ಡ್ರಿಲ್ಲೇ ಆಗಿರಲಿಲ್ಲ, ಆಮೇಲೆ ಬಿಗಿ ಆಯ್ತು. ಬಫೆ ಬಿಟ್ಟು ಮೊದಲು ಅದಕ್ಕೆ ಹೋಗಿ.

ವಾಂತಿ ಬರುವವರು ಇದ್ರೆ ಡಾಕ್ಟರ ಹತ್ತಿರ ಕೇಳಿ ಮಾತ್ರೆ ಇಟ್ಕೊಳ್ಳಿ, ಸುತ್ತಿದ ಮೇಲೆ ನುಂಗಿದ್ರೆ ಪ್ರಯೋಜನ ಇಲ್ಲ, ಮೊದಲೇ ನುಂಗಬೇಕು. ಕ್ಯಾಬಿನ್ ಕೆಳಗಿನ ಡೆಕ್ಕಲ್ಲಿ, ಹಡಗಿನ ನಡುಭಾಗದಲ್ಲಿ ಇದ್ರೆ ಓಲಾಟ ಕಡಿಮೆ. ಜನ ದುಡ್ಡು ಕೊಟ್ಟು ಮೇಲೆ, ಮುಂದೆ ತಗೊಳ್ತಾರೆ, ಆಮೇಲೆ ಬಕೆಟ್ ಕೇಳ್ತಾರೆ.

ಹಿಂಜವಡಿ ಹೈದ:
ತುಂಬಾ ಥ್ಯಾಂಕ್ಸ್. ಅಮ್ಮ ಊರಿಂದ ಎರಡು ಕೆಜಿ ಚಕ್ಲಿ ಕಳಿಸ್ತಿದಾರೆ, ಒಯ್ಯಬಹುದಾ?

ಹಡಗಿನ ಮಾಣಿ:
ಹೊರಗಿನ ತಿಂಡಿ ಬಿಡುದಿಲ್ಲ, ಮಗುವಿನ ಆಹಾರ ಬಿಟ್ರೆ.

ಡೊಂಬಿವಲಿ ಅಕ್ಕ:
ಚಕ್ಲಿ ಮಗುವಿನ ಆಹಾರ ಅಲ್ವಾ?

ಪನ್ವೇಲ್ ಪಾಪು:
ಎರಡು ಕೆಜಿ ಚಕ್ಲಿ ತಿನ್ನೋ ಮಗು ಅಂದ್ರೆ ಸೆಕ್ಯುರಿಟಿನವರೇ ನೋಡೋಕೆ ಬರ್ತಾರೆ ಅಕ್ಕ.

ಚೆಂಬೂರು ಚಾ:
ಎಲ್ರೂ ಒಂದು ಮರೆತ್ರಿ, ಟ್ಯಾಕ್ಸಿಯವನಿಗೆ ಏನು ಹೇಳೋದು ಅಂತ. "ಕ್ರೂಸ್" ಅಂದ್ರೆ ಒಬ್ಬ ಗೇಟ್‌ವೇಗೆ ಒಯ್ತಾನೆ, "ಜಹಾಜ್" ಅಂದ್ರೆ ಇನ್ನೊಬ್ಬ ಭಾವುಚಾ ಧಕ್ಕಾಕ್ಕೆ. ಹೊಸ ಕ್ರೂಸ್ ಟರ್ಮಿನಲ್ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್‌ನಲ್ಲಿ, ಎಷ್ಟೋ ಚಾಲಕರಿಗೆ ಇನ್ನೂ ಗೊತ್ತಿಲ್ಲ. ಬ್ಯಾಲಾರ್ಡ್ ಪಿಯರ್, ಗ್ರೀನ್ ಗೇಟ್ ಅನ್ನಿ. ಬೋರ್ಡಿಂಗ್ ಪಾಸಲ್ಲಿ ಬೇರೆ ಗೇಟ್ ಬರೆದಿದ್ರೆ ಅದನ್ನೇ ಹೇಳಿ. ಮತ್ತೆ ಗೇಟ್ ಒಳಗೆ ಹೋದ ಮೇಲೆ ಫೋಟೋ ತೆಗೀಬೇಡಿ, ಬಂದರಿನ ಕಾವಲು ಸಿಐಎಸ್‌ಎಫ್‌ನವರದ್ದು.

ಮಾಟುಂಗ ಮಾವ:
ಸೋಮವಾರ ಮಧ್ಯಾಹ್ನದ ಊಟ ಬ್ಯಾಲಾರ್ಡ್ ಎಸ್ಟೇಟಲ್ಲೇ ಆಗಬಹುದು, ಬ್ರಿಟಾನಿಯಾ ಉಂಟು, 1923ರ ಇರಾನಿ ಹೋಟೆಲು, ಮಧ್ಯಾಹ್ನಕ್ಕೆ ಮಾತ್ರ, ಬೆರ್ರಿ ಪುಲಾವ್ ಹೆಸರುವಾಸಿ. ಮೀನು ತಿನ್ನುವವರಾದ್ರೆ ಫೋರ್ಟಲ್ಲಿ ನಮ್ಮ ಮಂಗಳೂರು ಕಡೆಯ ಊಟದ ಮನೆಗಳು ಬೇಕಾದಷ್ಟು. ಭಾನುವಾರ ಮಾತ್ರ ಫೋರ್ಟು ಅಂದ್ರೆ ಮದುವೆ ಮುಗಿದ ಮಂಟಪ, ಆಫೀಸು ಇಲ್ಲ, ಅರ್ಧ ಹೋಟೆಲು ಮುಚ್ಚಿರ್ತದೆ. ನಿಮ್ಮ ಅಪ್ಪಯ್ಯನಿಗೆ ಸೋಮವಾರ ಬೆಳಗ್ಗೆ ತೋರಿಸಿ, ಆಗ ಅದು ಅವರಿಗೆ ಗೊತ್ತಿದ್ದ ಫೋರ್ಟು.

ಬ್ಯಾಲಾರ್ಡ್ ಎಸ್ಟೇಟಿನ ರಸ್ತೆ ನಡೆಯುವಾಗ ನೆನಪಿಡಿ, ಅದೆಲ್ಲ ಸಮುದ್ರ ತುಂಬಿಸಿ ಮಾಡಿದ ನೆಲ, ಡಾಕ್ ತೋಡಿದ ಮಣ್ಣು ಹಾಕಿದ್ದು. ಪಿಯರ್‌ಗೇ ರೈಲು ಬರ್ತಿತ್ತು, ವಿಲಾಯತಿ ಹಡಗಿಂದ ಇಳಿದು ಸೀದಾ ರೈಲು ಹತ್ತಿ ಪೇಶಾವರಕ್ಕೆ ಹೋಗ್ತಿದ್ದರು ಸಾಹೇಬರು. 1931ರಲ್ಲಿ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೊರಟದ್ದೂ ಇದೇ ಬಂದರಿನಿಂದ, ರಾಜಪುತಾನಾ ಹಡಗಲ್ಲಿ. ಸ್ವಲ್ಪ ಉತ್ತರಕ್ಕೆ ವಿಕ್ಟೋರಿಯಾ ಡಾಕ್, 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕೀನ್ ಹಡಗು ಸಿಡಿದ ಜಾಗ. ಹತ್ತಿಯೂ ಮದ್ದುಗುಂಡೂ ಒಟ್ಟಿಗೆ ತುಂಬಿದ್ದರು, ಚಿನ್ನವೂ ಇತ್ತು, ನೂರಾರು ಜನ ಸತ್ತರು. ಎಷ್ಟೋ ವರ್ಷ ಆದ ಮೇಲೂ ಹೂಳು ತೆಗೆಯುವಾಗ ಚಿನ್ನದ ಗಟ್ಟಿ ಸಿಕ್ಕಿದ್ದುಂಟು.

ಕಾಂದಿವಲಿ ಕುಡ್ಲ:
ಮಾವ ಇನ್ನೊಂದು ಹಡಗು ಮುಳುಗಿಸಿದ್ರು.

ಪನ್ವೇಲ್ ಪಾಪು:
ಗೇಟ್‌ವೇ ಮಿಸ್ ಮಾಡ್ಬೇಡಿ, 1911ರಲ್ಲಿ ರಾಜ ಬಂದಾಗ ಕಟ್ಟಿದ್ದು.

ಥಾಣೆ ಟಪಾಲು:
ರಾಜ ಬಂದಾಗ ಅಲ್ಲಿದ್ದಿದ್ದು ರಟ್ಟಿನ ಮಾದರಿ ಪಾಪು. ಅಸಲಿ ಕಟ್ಟಡ ಮುಗಿದಿದ್ದು 1924ಕ್ಕೆ. ಆಮೇಲೆ 1948ರ ಫೆಬ್ರವರಿ 28ಕ್ಕೆ ಬ್ರಿಟಿಷರ ಕೊನೇ ಪಡೆ ಅದೇ ಕಮಾನಿನ ಕೆಳಗೆ ನಡ್ಕೊಂಡು ಹೋಗಿ ಹಡಗು ಹತ್ತಿತು. ಸ್ವಾಗತಕ್ಕೆ ತಡವಾಗಿ ಕಟ್ಟಿ, ಬೀಳ್ಕೊಡುಗೆಗೆ ಸರಿಯಾಗಿ ಉಪಯೋಗಿಸಿದ್ದು.

ಹಿಂಜವಡಿ ಹೈದ:
ವಾಪಸ್ ಬಂದ್ವಿ! ಹೇಗಾಯ್ತು ಅಂತ ಬರೀತೀನಿ, ಉದ್ದ ಆಗತ್ತೆ, ತಡ್ಕೊಳ್ಳಿ.

ಭಾನುವಾರ ಡೆಕ್ಕನ್ ಕ್ವೀನ್ ಇಪ್ಪತ್ತು ನಿಮಿಷ ಲೇಟು, ಪರವಾಗಿಲ್ಲ. ಫೋರ್ಟ್ ಲಾಡ್ಜಲ್ಲಿ ಬ್ಯಾಗ್ ಇಟ್ಟು ಸೀದಾ ಭಾವುಚಾ ಧಕ್ಕಾ. ಮೀನಿನ ವಾಸನೆಗೆ ಮಗಳು ಮೂಗು ಮುಚ್ಕೊಂಡ್ಳು. ಅಪ್ಪಯ್ಯ ಏನೂ ಮಾತಾಡ್ಲಿಲ್ಲ, ಧಕ್ಕೆಯ ಅಂಚಿಗೆ ಹೋಗಿ ನಿಂತು ಕೆಳಗೆ ನೀರು ನೋಡಿ, "ಇಲ್ಲಿ ಒಬ್ಬ ನನ್ ಟ್ರಂಕ್ ಹೊತ್ಕಂಡ್ ಓಡಿದ್ದ, ಕಳ್ಳ ಅಂದೇಳಿ ಕೂಗ್ದೆ, ಅಂವ ಹಮಾಲಿ" ಅಂದ್ರು. ಅರವತ್ತು ವರ್ಷದ ಹತ್ರ ಆಯ್ತು, ಆ ಹಮಾಲಿಗೆ ಎಂಟಾಣೆ ಕೊಟ್ಟಿದ್ದು ಜಾಸ್ತಿ ಆಯ್ತು ಅಂತ ಇನ್ನೂ ಬೇಜಾರಿದೆ.

ಮಧ್ಯಾಹ್ನ ಬೋರಾ ಬಜಾರ್ ಗಲ್ಲಿಗಳಲ್ಲಿ ಹೋಟೆಲ್ ಹುಡುಕಿದ್ವಿ. ಮಾವ ಹೇಳಿದ ಹಾಗೆ ಎಲ್ಲ ಶಟರ್ ಕೆಳಗೆ, ಗುರುತೇ ಸಿಗ್ಲಿಲ್ಲ. ಸಂಜೆ ಗೇಟ್‌ವೇ (ಜನ ಜನ ಜನ), ಮರೀನ್ ಡ್ರೈವ್, ಮಗಳಿಗೆ ಕುಲ್ಫಿ, ಅದೆಲ್ಲ ನಿಮಗೆ ಗೊತ್ತಿರೋದೇ.

ಸೋಮವಾರ ಬೆಳಗ್ಗೆ ಎಂಟೂವರೆಗೆ ಮತ್ತೆ ಹೋದ್ವಿ. ಸಿಎಸ್‌ಎಂಟಿ ಸಬ್‌ವೇ ಬಾಯಿಂದ ಜನ ಉಕ್ಕಿ ಬರ್ತಾ ಇದಾರೆ, ಅಪ್ಪಯ್ಯ ಹತ್ತು ನಿಮಿಷ ಅಲ್ಲೇ ನಿಂತ್ರು, ಎಲ್ರೂ ಅವರನ್ನ ಬಳಸ್ಕೊಂಡು ಹೋಗ್ತಿದಾರೆ, ನಾನು ಪಕ್ಕಕ್ಕೆ ಬನ್ನಿ ಅಂದ್ರೆ ಕೇಳಲ್ಲ. ಆಮೇಲೆ ಯಾರನ್ನೂ ದಾರಿ ಕೇಳದೆ ನಡೆದ್ರು. ಎರಡು ಗಲ್ಲಿ ತಿರುಗಿ ಒಂದು ಮೊಬೈಲ್ ಕವರ್ ಅಂಗಡಿ ಮುಂದೆ ನಿಂತು "ಇದೇ" ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ. ಅಂಗಡಿಯವನಿಗೆ ಹಿಂದೀಲಿ ಒಳಗೆ ಮೇಲಕ್ಕೆ ಹೋಗೋಕೆ ಮರದ ಮೆಟ್ಟಿಲು ಇದೆಯಾ ಅಂತ ಕೇಳಿದ್ರು, ಅವನು ಪರದೆ ಸರಿಸಿ ತೋರಿಸ್ದ, ಇದೆ. ಮೇಲೆ ಅಟ್ಟ, ಈಗ ಡಬ್ಬ ತುಂಬಿದಾರೆ, ಅಲ್ಲೇ ಹನ್ನೊಂದು ಜನ ಮಲಗ್ತಿದ್ರಂತೆ. ಗಲ್ಲೆ ಇದ್ದ ಜಾಗದಲ್ಲಿ ಚಾರ್ಜರ್ ನೇತು ಹಾಕಿದಾನೆ. ಅಪ್ಪಯ್ಯ ಒಂದು ಚಾರ್ಜರ್ ಕೊಂಡ್ರು, ಅವರ ಫೋನಿಗೆ ಹೊಂದಲ್ಲ.

ಆಮೇಲೆ ಗಡಿಬಿಡಿ ಶುರು. ಗ್ರೀನ್ ಗೇಟ್ ಅಂತ ಮೂರು ಸಲ ಹೇಳಿದ್ರೂ ಟ್ಯಾಕ್ಸಿಯವನು ನಮ್ಮನ್ನ ಗೇಟ್‌ವೇಗೇ ಒಯ್ದ. ಚಾ ಅವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ತಿರುಗಿ ಬರೋವಾಗ ಒಂದೂಮುಕ್ಕಾಲು, ಬ್ರಿಟಾನಿಯಾ ಹೋಯ್ತು, ಪುಲಾವ್ ಹೋಯ್ತು. ಹಿಂದಿನ ದಿನ ಬರದೆ ಇದ್ದಿದ್ರೆ ಅಂತ ಹೆಂಡ್ತಿ ಬಾಯಿಬಿಟ್ಟು ಹೇಳ್ಲಿಲ್ಲ, ನೋಡಿದ್ಳು ಅಷ್ಟೇ. ಚಕ್ಲಿ ಸೆಕ್ಯುರಿಟೀಲಿ ನಿಲ್ಲಿಸಿದ್ರು, ಒಂದು ಪೊಟ್ಟಣ ಮಗಳ ಹೆಸರಲ್ಲಿ ಒಳಗೆ ಹೋಯ್ತು, ಉಳಿದಿದ್ದು ಟರ್ಮಿನಲ್‌ನ ಲೋಡರ್ ಹುಡುಗರಿಗೆ. ಅವರು ಅಲ್ಲೇ ತಿಂದ್ರು.

ಹಡಗು ಬಿಟ್ಟಾಗ ಐದೂಮುಕ್ಕಾಲು. ಬಲಗಡೆಗೆ ಗೇಟ್‌ವೇ, ತಾಜ್, ಕೊಲಾಬಾ, ಕೊನೇಲಿ ಪ್ರಾಂಗ್ಸ್ ದೀಪಸ್ತಂಭ. ಅಪ್ಪಯ್ಯ ಏಳನೇ ಡೆಕ್ಕಲ್ಲಿ ಸುತ್ತ ನೋಡಿ ಹೇಳಿದ್ದು: "ಇದೆಂತ ಹಡಗಾ ಮಾರಾಯ, ಲಾಡ್ಜ್ ನೀರಲ್ಲ್ ತೇಲ್ತಾ ಇತ್. ಎಣ್ಣೆ ವಾಸ್ನೆಯೇ ಇಲ್ಲ." ಆದ್ರೂ ರಾತ್ರಿ ಹನ್ನೊಂದರ ತನಕ ಒಳ್ಗೆ ಬರ್ಲಿಲ್ಲ, ರತ್ನಾಗಿರಿ ದೀಪ ಕಾಣ್ತದಾ ಅಂತ ಅಲ್ಲಿನ ಸಿಬ್ಬಂದಿನ ಕೇಳ್ತಾ ಕೂತಿದ್ರು. ಮಾತ್ರೆ ಬೇಡ ಅಂದವನು ನಾನು, ವಾಂತಿ ಮಾಡಿದವನೂ ನಾನೇ. ಕ್ಯಾಬಿನ್ ಮೇಲೆ, ಮುಂದೆ ಇತ್ತು. ಮಾಣಿ ಅವರೇ ಕ್ಷಮಿಸಿ. ಗೋವಾ ಬಗ್ಗೆ ಏನೂ ಹೇಳಲ್ಲ, ಆರು ಗಂಟೇಲಿ ಏನು ನೋಡೋದು.

ಗುರುವಾರ ಇಳಿದವರೇ ಮಾಟುಂಗಾಕ್ಕೆ ಹೋಗಿ ರಾಮ ನಾಯಕರಲ್ಲಿ ಬಾಳೆಲೆ ಊಟ. ಮೂರು ದಿನ ಬಫೆ ತಿಂದವರು ಅಲ್ಲಿ ಸಾರು ಎರಡು ಸಲ ಹಾಕಿಸ್ಕೊಂಡ್ರು.

ಡೊಂಬಿವಲಿ ಅಕ್ಕ:
ಹೋಟೆಲ್ ದುಡ್ಡು ದಂಡ ಆಯ್ತಾ ತಮ್ಮಾ?

ಹಿಂಜವಡಿ ಹೈದ:
ಅಕ್ಕಾ ಬೇಡ. ಹೆಂಡ್ತಿ ಓದ್ತಿದಾಳೆ.

ಮಾಟುಂಗ ಮಾವ:
ಆ ಮೊಬೈಲ್ ಅಂಗಡಿ, ಒಳಗೆ ಹೋಗುವಾಗ ಮೆಟ್ಟಿಲು ಎಡಕ್ಕಾ ಬಲಕ್ಕಾ?

ಹಿಂಜವಡಿ ಹೈದ:
ಎಡಕ್ಕೆ ಮಾವ. ಮೂರನೇ ಮೆಟ್ಟಿಲು ಇಲ್ಲ, ಹಲಗೆ ಹೋಗಿದೆ.

ಮಾಟುಂಗ ಮಾವ:
ಅದು 1970ರಲ್ಲೇ ಹೋಗಿತ್ತು. ನಾನು ಎದುರಿನ ಹೋಟೆಲಲ್ಲಿ ಇದ್ದವ, ರಾತ್ರಿ ಶಾಲೆಗೆ ನಾವೆಲ್ಲ ಒಟ್ಟಿಗೆ ಹೋಗ್ತಿದ್ದದ್ದು. ಅಪ್ಪಯ್ಯನ ನಂಬರ್ ಮೆಸೇಜಲ್ಲಿ ಕಳಿಸಿ.

ಹಿಂಜವಡಿ ಹೈದ:
ಕಳಿಸ್ದೆ ಮಾವ. ಮಧ್ಯಾಹ್ನ ಮಲಗ್ತಾರೆ, ನಾಲ್ಕರ ಮೇಲೆ ಮಾಡಿ.